ಸಂಘದ ಹಣ ತೆಗೆದಿದ್ದೇನೆ, ಸಭೆಯಲ್ಲಿ ಹೇಗೆ ಮುಖ ತೋರಿಸಲಿ?

ಪ್ರಶ್ನೆ: ನಮ್ಮ ಕ್ರೈಸ್ತ ಸಭೆಯ ಯುವಕ ಸಂಘದ ಖಜಾಂಚಿ ನಾನು. ತಂಗಿಯ ಮದುವೆಗೆ ಸಂಘದ 18,000 ರೂಪಾಯಿ ಬಳಸಿಕೊಂಡೆ. 9,000 ಗುಟ್ಟಾಗಿ ತಿರುಗಿ ಹಾಕಿದ್ದೇನೆ. ಯಾರಿಗೂ ಗೊತ್ತಿಲ್ಲ, ಹೆಂಡತಿಗೂ. ದಿನಾ ಕ್ಷಮೆ ಬೇಡುತ್ತೇನೆ, ಸಮಾಧಾನವಿಲ್ಲ. ಕರ್ತನ ಭೋಜನ (ಯೇಸುವಿನ ನೆನಪಿಗೆ ಸಭೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಳ್ಳುವುದನ್ನೂ ಬಿಟ್ಟಿದ್ದೇನೆ. ಸಭೆ ಬಿಟ್ಟು ಹೈದರಾಬಾದಿಗೆ ಹೋಗಿಬಿಡಲೆ?
– ಹೆಸರು ಬೇಡ, ಹುಮನಾಬಾದ್ ತಾಲ್ಲೂಕು, ಬೀದರ್ ಜಿಲ್ಲೆ

ಉತ್ತರ: ಹೋಗಬೇಡಿ ತಮ್ಮಾ. ದೇವರು ನಿಮ್ಮ ಪ್ರಾರ್ಥನೆ ಕೇಳಿಲ್ಲವೆಂದಲ್ಲ. ಪಾಪ ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ ಎಂಬ ಬೈಬಲಿನ 1 ಯೋಹಾನ 1:9ರ ಮಾತು ನಿಮಗೂ ಸಲ್ಲುತ್ತದೆ. ಆದರೆ ಹಣ ಸಂಘದ್ದು, ಸಂಘದವರೊಂದಿಗೆ ಆಡಬೇಕಾದ ಮಾತು ಇನ್ನೂ ಬಾಕಿ ಇದೆ. ಯೇಸುವನ್ನು ಹಿಡಿದುಕೊಟ್ಟ ಯೂದನೂ ಅದಕ್ಕೆ ಪಡೆದ 30 ಬೆಳ್ಳಿ ನಾಣ್ಯ ಹಿಂದಿರುಗಿಸಿದ, ಆಮೇಲೆ ಒಂಟಿಯಾಗಿಯೇ ಹೊರಟುಹೋದ. ಶಿಷ್ಯ ಪೇತ್ರ ಯೇಸುವನ್ನು ಮೂರು ಸಲ ಅಲ್ಲಗಳೆದರೂ ಜೊತೆಯವರನ್ನು ಬಿಡಲಿಲ್ಲ. ಅವರ ನಡುವೆ ಇದ್ದಾಗಲೇ ಯೇಸು ಬಂದು ಅವನನ್ನು ಮಾತಾಡಿಸಿದ.

ಮೊದಲು ಲೆಕ್ಕದ ಪುಸ್ತಕ, ಪಾಸ್‌ಬುಕ್ ಎರಡನ್ನೂ ಹಿಡಿದು ಕೂತು ಪೂರ್ತಿ ಮೊತ್ತ ಬರೆದುಕೊಳ್ಳಿ. ಇಲ್ಲೇ ಬಹಳ ಜನ ಎಡವುತ್ತಾರೆ: ಅರ್ಧ ಹೇಳಿ ಅರ್ಧ ಮುಚ್ಚಿಡುತ್ತಾರೆ, ಉಳಿದದ್ದು ಹೊರಬಿದ್ದ ದಿನ ಹೇಳಿದ ನಿಜವೂ ಸುಳ್ಳಾಗುತ್ತದೆ. ಆ ರಾತ್ರಿಯೇ ಹೆಂಡತಿಗೆ ತಿಳಿಸಿ. ಮರುದಿನ ಪಾಸ್ಟರ್ ಮತ್ತು ಸಂಘದ ಅಧ್ಯಕ್ಷರ ಮುಂದೆ ಎಷ್ಟು, ಯಾವಾಗ, ಯಾತಕ್ಕೆ ಅನ್ನುವುದಷ್ಟನ್ನೇ ಹೇಳಿ. ‘ಆದರೆ ಮನೆ ಪರಿಸ್ಥಿತಿ...’ ಎಂದು ಶುರುಮಾಡಿದರೆ ತಪ್ಪೊಪ್ಪಿಗೆ ಹೋಗಿ ವಕಾಲತ್ತು ಆಗುತ್ತದೆ. ಭಾನುವಾರ ಇಡೀ ಸಭೆಯ ಎದುರು ನಿಲ್ಲುವ ಅಗತ್ಯ ನಮಗೆ ಕಾಣುವುದಿಲ್ಲ. ನಷ್ಟವಾದದ್ದು ಸಂಘಕ್ಕೆ, ಸಂಘದ ಸದಸ್ಯರಿಗೆ ಗೊತ್ತಾದರೆ ಸಾಕು.

ಬೈಬಲಿನ ಅರಣ್ಯಕಾಂಡ 5:7 ಮೊದಲು ಒಪ್ಪಿಕೊಳ್ಳಲು ಹೇಳುತ್ತದೆ, ಆಮೇಲೆ ಪೂರ್ತಿ ಹಣದ ಜೊತೆ ಐದನೆಯ ಒಂದು ಪಾಲು ಸೇರಿಸಿ ಕೊಡಲು. ಇಂದಿನ ಸಭೆಗೆ ಅದು ಕಾನೂನಲ್ಲ, ಆದರೂ ಒಳ್ಳೆಯ ಅಳತೆ. ನಿಮ್ಮ ಲೆಕ್ಕದಲ್ಲಿ ಆ ಪಾಲು 3,600. ಬಾಕಿ 9,000 ಸೇರಿದರೆ 12,600. ತಿಂಗಳಿಗೆ 2,100ರಂತೆ ಆರು ಕಂತು. ಸೋಯಾ ಮಾರಿದ ಮೇಲೆ ಒಟ್ಟಿಗೇ ಕೊಡುವುದಾದರೆ ಆ ತಾರೀಖನ್ನೂ ಬರೆದುಕೊಡಿ. ಪ್ರತಿ ಸಲ ರಸೀದಿ ಪಡೆಯಿರಿ. ಮೊದಲು ಗುಟ್ಟಾಗಿ ಹಾಕಿದ 9,000ವೂ ಪುಸ್ತಕದಲ್ಲಿ ಏರಲಿ. ಬೈಬಲಿನ ಸುಂಕದ ಅಧಿಕಾರಿ ಜಕ್ಕಾಯನ ಹಾಗೆ ನಾಲ್ಕರಷ್ಟು ಕೊಡಲು ಹೋಗಿ ಬಡ್ಡಿ ಸಾಲಕ್ಕೆ ಬೀಳಬೇಡಿ. ಕ್ಷಮೆ ಕೊಳ್ಳುವ ಬೆಲೆಯಲ್ಲ ಇದು, ಅವರ ಹಣ ಅವರಿಗೆ ಸೇರಬೇಕು ಅಷ್ಟೇ.

ಖಜಾಂಚಿ ಕೆಲಸ ನೀವಾಗಿಯೇ ಬಿಡಿ. ಆ ಕೆಲಸ ಮತ್ತೆ ಕೊಡದಿದ್ದರೆ ಕ್ಷಮಿಸಿಲ್ಲವೆಂದು ತಿಳಿಯಬೇಡಿ. ಚಾಪೆ ಹಾಸುವುದು, ಹಾಡುವುದು, ರೋಗಿಗಳನ್ನು ನೋಡಿಬರುವುದು ಯಾವುದಕ್ಕೂ ಅಡ್ಡಿಯಿಲ್ಲ. ಕರ್ತನ ಭೋಜನದ ಬಗ್ಗೆ 1 ಕೊರಿಂಥ 11:28 ಹೇಳುವುದು ಪರೀಕ್ಷಿಸಿಕೊಂಡು ಭಾಗಿಯಾಗಲು, ದೂರ ನಿಲ್ಲಲು ಅಲ್ಲ. ಒಪ್ಪಿಕೊಂಡ ಮೇಲೆ ಮುಂದಿನ ಸಲವೇ ಹೋಗಿ, ಕೊನೆಯ ಕಂತಿಗೆ ಕಾಯಬೇಡಿ.

ಸಂಘದ ಹಿರಿಯರಿಗೂ ಒಂದು ಮಾತು: ತಪ್ಪಿದವನು ಅತಿಯಾದ ದುಃಖದಲ್ಲಿ ಮುಳುಗಿಹೋಗದಂತೆ ಅವನನ್ನು ಕ್ಷಮಿಸಿ ಸಂತೈಸಿ ಎಂದು 2 ಕೊರಿಂಥ 2:7ರಲ್ಲಿ ಪೌಲ ಬರೆದದ್ದು ಸಭೆಗೇ. ಇನ್ನು ಮುಂದೆ ಬ್ಯಾಂಕಿನಿಂದ ಹಣ ತೆಗೆಯಲು ಇಬ್ಬರ ಸಹಿ ಇರಲಿ.

ನಿದ್ದೆ ಬಾರದೆ ಸಾಯುವ ಯೋಚನೆ ಸುಳಿದರೆ ತಡಮಾಡದೆ 14416ಕ್ಕೆ, ಅಂದರೆ ಸರ್ಕಾರದ ಟೆಲಿ ಮಾನಸ್‌ಗೆ, ಫೋನ್ ಮಾಡಿ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.