ಗೋವಾದ ಹೊಳೆಯಲ್ಲಿ ಹೊಸ ಬ್ಯಾಸ್ ಬೋಟ್: ಓಡಿಸೋದು ಎಲ್ಲಿಂದ ಕಲಿಯಲಿ?

ಹದಿನೇಳು ಅಡಿಯ ಹೊಸ ಬ್ಯಾಸ್ ಬೋಟ್ ತಗೊಂಡಿದ್ದೀರಿ, ಮನೆ ವಾಸ್ಕೋದಲ್ಲಿ, ಜುವಾರಿ ಹೊಳೆಯಲ್ಲಿ ಚೊಣಕ್ ಮೀನು ಹಿಡಿಯುವ ಆಸೆ, ಆದರೆ ಮೋಟಾರ್ ದೋಣಿ ಓಡಿಸಿ ಅಭ್ಯಾಸವಿಲ್ಲ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನೂ ಇದೇ ಹೊಳೆಗಳಲ್ಲಿ ಗಾಳ ಹಾಕುವವನು. ನನ್ನ ಮೊದಲ ಮಾತು: ಸದ್ಯಕ್ಕೆ ಗಾಳ ಮನೆಯಲ್ಲೇ ಇರಲಿ. ಮೀನಿನ ಮೇಲೆ ಕಣ್ಣಿದ್ದರೆ ನೀರಿನ ಮೇಲೆ ಇರುವುದಿಲ್ಲ.

ಈ ಬೋಟ್ ಅಮೆರಿಕದ ಕೆರೆ, ಜಲಾಶಯಗಳಲ್ಲಿ ಬ್ಯಾಸ್ ಮೀನು ಹಿಡಿಯಲು ಅಂತ ಹುಟ್ಟಿದ್ದು. ಅಂಚು ನೀರಿಗೆ ತೀರಾ ಹತ್ತಿರ, ಮುಂದೆ ನಿಂತು ಗಾಳ ಎಸೆಯಲು ಅಗಲವಾದ ಡೆಕ್, ಭಾರ ಜಾಸ್ತಿ ಹಿಂದೆ. ಅಲ್ಲಿ ಉಬ್ಬರ ಇಳಿತ ಇಲ್ಲ. ಇಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಸಮಯದಲ್ಲಿ ನೀರು ಸುಮಾರು 2 ಮೀಟರ್ ಏರಿಳಿಯುತ್ತದೆ, ಆ ನೀರೆಲ್ಲ ನಿಮ್ಮ ಬೋಟನ್ನು ತಳ್ಳುತ್ತಲೇ ಇರುತ್ತದೆ. ಹಾಗಾಗಿ ಮೊದಲು ಕಲಿಯಬೇಕಾದ್ದು ವೇಗ ಅಲ್ಲ, ನಿಧಾನ. ವೇಗವಾಗಿ ಓಡಿಸುವುದು ಬೇಗ ಬರುತ್ತದೆ, ಜೆಟ್ಟಿಗೆ ತಂದು ನಿಲ್ಲಿಸುವುದು ಬರುವುದಿಲ್ಲ.

ಒಂದು ಖಾಲಿ ಕ್ಯಾನ್‌ಗೆ ಹಗ್ಗ, ಹಗ್ಗದ ತುದಿಗೆ ಕಲ್ಲು ಕಟ್ಟಿ, ಬಾರ್ಜ್ ಓಡಾಡದ ಕಡೆ ನೀರಿಗೆ ಬಿಡಿ. ಅದೇ ನಿಮ್ಮ ಜೆಟ್ಟಿ. ಸ್ವಲ್ಪ ಹೊತ್ತು ಸುಮ್ನೆ ಅದನ್ನೇ ನೋಡಿ. ಕ್ಯಾನ್‌ನ ಒಂದು ಬದಿಗೆ ನೀರು ಉಬ್ಬಿ ಒತ್ತುತ್ತಿರುತ್ತದೆ, ಇನ್ನೊಂದು ಬದಿಯಲ್ಲಿ ಸಣ್ಣ ಸುಳಿ. ಸುಳಿ ಇರುವ ಕಡೆಯಿಂದ, ಮೂತಿ ಸೆಳೆತಕ್ಕೆ ಎದುರಾಗಿ ಇಟ್ಟುಕೊಂಡು ಹತ್ತಿರ ಬನ್ನಿ. ಗೇರ್ ಹಾಕಿ, ಒಂದೆರಡು ಸೆಕೆಂಡ್ ಬಿಟ್ಟು ನ್ಯೂಟ್ರಲ್ ಮಾಡಿ, ಮತ್ತೆ ಹಾಕಿ. ಎದುರು ನೀರೇ ನಿಮಗೆ ಬ್ರೇಕ್. ಸೆಳೆತದ ಜೊತೆಗೇ ಬಂದರೆ ಬೋಟ್ ನಿಲ್ಲುವುದೂ ಇಲ್ಲ, ಮಾತು ಕೇಳುವುದೂ ಇಲ್ಲ.

ಕಾರು ಓಡಿಸಿದವರಿಗೆ ಕೈ ತಪ್ಪುವುದು ಇಲ್ಲೇ: ಕಾರಿನಲ್ಲಿ ಮುಂದಿನ ಚಕ್ರ ತಿರುಗುತ್ತದೆ, ಬೋಟ್‌ನಲ್ಲಿ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಪ್ರೊಪೆಲ್ಲರ್ ತಿರುಗದಿದ್ದರೆ ಸ್ಟಿಯರಿಂಗ್ ಇದ್ದೂ ಇಲ್ಲದ ಹಾಗೆ. ಅದಕ್ಕೇ ಮೊದಲು ಸ್ಟಿಯರಿಂಗ್ ತಿರುಗಿಸಿ, ಆಮೇಲೆ ಗೇರ್. ಬಲಕ್ಕೆ ಸುತ್ತುವ ಮಾಮೂಲಿ ಪ್ರೊಪೆಲ್ಲರ್ ಆದರೆ ರಿವರ್ಸ್‌ನಲ್ಲಿ ಹಿಂಭಾಗ ಎಡಕ್ಕೆ ಎಳೆಯುತ್ತದೆ. ಇದು ತಿಳಿದಿದ್ದರೆ ಜೆಟ್ಟಿಗೆ ಎಡಬದಿ ತಾಗಿಸಿ ನಿಲ್ಲಿಸುವುದು ಎಷ್ಟು ಸುಲಭ ನೋಡಿ. ಇನ್ನು ಗಾಳಿ: ಮೂತಿ ಹಗುರ, ಗಾಳಿ ತಳ್ಳಿದ ಕಡೆಗೆ ಅದೇ ಮೊದಲು ತಿರುಗುತ್ತದೆ.

ಇದು ಕೈಗೆ ಕುಳಿತ ಮೇಲೆ ವೇಗ. ಇಂಜಿನನ್ನು ಪೂರ್ತಿ ಒಳಕ್ಕೆ ಟ್ರಿಮ್ ಮಾಡಿ (ಅಂದರೆ ಅದರ ಓರೆಯನ್ನು ಬೋಟ್ ಕಡೆಗೆ ತಂದು) ಥ್ರಾಟಲ್ ಕೊಡಿ. ಮೂತಿ ಎದ್ದು ಕೆಲವು ಸೆಕೆಂಡ್ ಎದುರಿಗೆ ಏನೂ ಕಾಣದು, ಆದ್ದರಿಂದ ಮುಂದೆ ಯಾರೂ ಇಲ್ಲ ಅಂತ ಮೊದಲೇ ನೋಡಿಕೊಂಡಿರಬೇಕು. ಬೋಟ್ ನೀರಿನ ಮೇಲೆ ಸಮನಾದ ಮೇಲೆ ಟ್ರಿಮ್ ಸ್ವಲ್ಪ ಸ್ವಲ್ಪ ಹೊರಕ್ಕೆ. ಮೂತಿ ಕುಪ್ಪಳಿಸತೊಡಗಿದರೆ ಜಾಸ್ತಿಯಾಯಿತು ಅಂತ ಅರ್ಥ, ಒಳಕ್ಕೆ ತನ್ನಿ. ಎಡಕ್ಕೆ ಬಲಕ್ಕೆ ತೂಗಾಡಿದರೆ ಥ್ರಾಟಲ್ ಇಳಿಸಿ. ಹೊಸ ಇಂಜಿನ್ ಬೇರೆ. ಸಾಮಾನ್ಯವಾಗಿ ಮೊದಲ 10 ಗಂಟೆ ಅದನ್ನು ಪಳಗಿಸುವ ಅವಧಿ, ಪೂರ್ತಿ ಥ್ರಾಟಲ್‌ನಲ್ಲಿ ಬಹಳ ಹೊತ್ತು ಓಡಿಸಬಾರದು. ನಿಮ್ಮ ಇಂಜಿನ್ ಜೊತೆ ಬಂದ ಪುಸ್ತಕದಲ್ಲಿ ಇದು ಇರುತ್ತದೆ, ದಯವಿಟ್ಟು ಓದಿ.

ಕಿಲ್ ಸ್ವಿಚ್‌ನ ಹಗ್ಗ ಲೈಫ್ ಜಾಕೆಟ್‌ಗೆ ಸಿಕ್ಕಿಸಿಕೊಳ್ಳದೆ ಇಂಜಿನ್ ಶುರು ಮಾಡಲೇಬೇಡಿ. ನೀವು ಹೊರಗೆ ಬಿದ್ದರೆ ಇಂಜಿನ್ ನಿಲ್ಲಬೇಕು, ಇಲ್ಲದಿದ್ದರೆ ಬೋಟ್ ಸುತ್ತು ಹೊಡೆದು ನಿಮ್ಮ ಮೇಲೇ ಬರಬಹುದು. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ಬೋಟ್‌ಗಳಿಗೆ 2021ರ ಏಪ್ರಿಲ್‌ನಿಂದ ಇದು ಕಾನೂನೇ ಆಗಿದೆ. ಇಲ್ಲಿ ಯಾರೂ ಕೇಳದಿದ್ದರೂ ಹಾಕಿಕೊಳ್ಳಿ, ಜೀವ ನಿಮ್ಮದಲ್ವಾ.

ಯೂಟ್ಯೂಬ್ ನೋಡಿ ಕಲಿಯುವವರಿಗೆ ಇನ್ನೊಂದು ಎಚ್ಚರಿಕೆ. ಸಮುದ್ರದಿಂದ ಒಳಗೆ ಬರುವಾಗ ಕೆಂಪು ಬೋಯ್ (ದಾರಿ ತೋರಿಸುವ ತೇಲುಗುರುತು) ಬಲಕ್ಕಿರಬೇಕು ಅಂತ ಅಮೆರಿಕದ ವಿಡಿಯೋಗಳು ಹೇಳುತ್ತವೆ. ಭಾರತದಲ್ಲಿ ಪದ್ಧತಿ ಉಲ್ಟಾ: ಕೆಂಪು ಎಡಕ್ಕೆ, ಹಸಿರು ಬಲಕ್ಕೆ. ತಪ್ಪು ತಿಳಿದರೆ ಮರಳ ದಿಬ್ಬಕ್ಕೇ ಹತ್ತಿಸುತ್ತೀರಿ.

ಅಳಿವೆ ಕಡೆ ಮಧ್ಯಾಹ್ನದ ಮೇಲೆ ಹೋಗಬೇಡಿ. ಆ ಹೊತ್ತಿಗೆ ಕಡಲಗಾಳಿ ಒಳಕ್ಕೆ ಬೀಸುತ್ತದೆ. ಇಳಿತದ ನೀರು ಅದಕ್ಕೆ ಎದುರಾಗಿ ಹೊರಟಿದ್ದರೆ ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ, ನಿಮ್ಮ ಬೋಟ್‌ನ ತಗ್ಗು ಅಂಚಿನ ಮೇಲಿಂದ ನೀರು ನೇರ ಒಳಗೆ. ಕುಂಬಾರ್ಜುವಾ ಕಾಲುವೆ ಗಾಳಿಗೆ ಮರೆ, ಕಾಂಡ್ಲಾ ಗಿಡಗಳಿವೆ, ಚೊಣಕ್‌ಗೂ ಒಳ್ಳೆಯ ಜಾಗ. ಆದರೆ ಮೊಸಳೆಗಳಿವೆ, ಕೈಕಾಲು ನೀರಿಗೆ ಇಳಿಬಿಡಬೇಡಿ. ಮಳೆಗಾಲದಲ್ಲಿ ಬೋಟ್ ಶೆಡ್‌ನಲ್ಲೇ ಇರಲಿ.

ಬೋಟ್ ನೀರಿಗೆ ಇಳಿಸುವ ಮುಂಚೆ ಡ್ರೇನ್ ಪ್ಲಗ್, ಅಂದರೆ ಒಳಗಿನ ನೀರು ಹೊರಬಿಡುವ ತೂತಿನ ಬಿರಡೆ, ಬಿಗಿಯಾಗಿದೆಯಾ ನೋಡಿ. ವಾಪಸ್ ಬಂದ ಮೇಲೆ ಪ್ರತಿ ಸಲವೂ ಇಂಜಿನ್ನಿಗೆ ಸಿಹಿನೀರು ಹರಿಸಿ ತೊಳೆಯಿರಿ, ಉಪ್ಪುನೀರು ಅದನ್ನು ಒಳಗಿನಿಂದಲೇ ತಿನ್ನುತ್ತದೆ. ನೋಂದಣಿ ಆಗಿಲ್ಲ ಅಂದರೆ ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಕಚೇರಿಯಲ್ಲಿ ವಿಚಾರಿಸಿ. ಇಂಜಿನ್ ಎಷ್ಟು ಎಚ್‌ಪಿ, ಮುಂದಿನ ಟ್ರೋಲಿಂಗ್ ಮೋಟಾರ್ (ಬ್ಯಾಟರಿಯ ಸಣ್ಣ ಮೋಟಾರ್) 12 ವೋಲ್ಟ್‌ದೋ 24ರದ್ದೋ ಬರೆಯಿರಿ, ಸೆಳೆತದಲ್ಲಿ ಅದು ಬೋಟನ್ನು ಹಿಡಿದು ನಿಲ್ಲಿಸುತ್ತದಾ ಅಂತ ಹೇಳುತ್ತೇನೆ.