ಹೊಟ್ಟೆಯಲ್ಲಿ ಮಗು, ಎದೆಯಲ್ಲಿ ಭಯ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗರ್ಭಿಣಿಯರದ್ದು, ಇಲ್ಲವೇ ಅವರ ಮನೆಯವರದ್ದು. ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ನನಗೀಗ ಐದು ತಿಂಗಳು. ಹೋದ ವರ್ಷ ಒಂಬತ್ತನೇ ವಾರಕ್ಕೆ ಗರ್ಭಪಾತವಾಗಿತ್ತು. ಈಗ ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಬ್ಲೀಡಿಂಗ್ ಆಗಿದೆಯೋ ಏನೋ ಎಂದು ಬಾತ್‌ರೂಮಿಗೆ ಹೋಗಿ ಹೋಗಿ ನೋಡುತ್ತೇನೆ. "ಭಯಪಡಬೇಡ" ಎನ್ನುವ ವಾಕ್ಯಗಳನ್ನೆಲ್ಲ ಓದಿದರೂ ಭಯ ಹೋಗುವುದಿಲ್ಲ. ಸಭೆಯಲ್ಲಿ ಹಿರಿಯರೊಬ್ಬರು "ಭಯ ಅಂದರೆ ಅವಿಶ್ವಾಸ" ಅಂದ ಮೇಲಂತೂ ಪ್ರಾರ್ಥನೆಗೆ ಕೂರುವುದಕ್ಕೇ ನಾಚಿಕೆ. (ಹುಬ್ಬಳ್ಳಿ)

ಉತ್ತರ: ಸಹೋದರಿ, ಆ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ಗೆತ್ಸೇಮನೆ ತೋಟದಲ್ಲಿ ಯೇಸು ಎಷ್ಟು ಕಳವಳಪಟ್ಟನೆಂದರೆ ಆತನ ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬಿತ್ತೆಂದು ಲೂಕನು ಬರೆಯುತ್ತಾನೆ. ದೇವದೂತ ಬಂದು ನಿಂತಾಗ ಮರಿಯಳೂ ಮೊದಲು ಕಳವಳಪಟ್ಟವಳೇ. 56ನೇ ಕೀರ್ತನೆ ಬರೆದವನು ಭಯವೇ ಇಲ್ಲವೆನ್ನುವುದಿಲ್ಲ, ಹೆದರಿಕೆಯಾದಾಗ ನಿನ್ನನ್ನೇ ನಂಬುತ್ತೇನೆ ಅನ್ನುತ್ತಾನೆ. ಭಯ, ನಂಬಿಕೆ ಎರಡೂ ಒಂದೇ ವಾಕ್ಯದಲ್ಲಿ ಕೂತಿವೆ. ಮಗುವನ್ನು ಒಮ್ಮೆ ಕಳೆದುಕೊಂಡವಳಿಗೆ ಭಯವಾಗದಿದ್ದರೇ ಆಶ್ಚರ್ಯ.

ಇನ್ನೊಂದು ಮಾತು ಗಟ್ಟಿಯಾಗಿ ತಿಳಿದುಕೊಳ್ಳಿ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮ್‌ಗಳ ಏರುಪೇರೇ ಕಾರಣ. ನೀವು ಹೆದರಿದ್ದರಿಂದ, ಮೆಟ್ಟಿಲು ಹತ್ತಿದ್ದರಿಂದ, ಪ್ರಾರ್ಥನೆ ಕಡಿಮೆಯಾದದ್ದರಿಂದ ಹೋದದ್ದಲ್ಲ. ಒಂಬತ್ತನೇ ವಾರದಲ್ಲಿದ್ದ ಅಪಾಯ ಇಪ್ಪತ್ತನೇ ವಾರಕ್ಕೆ ಬಹಳ ಕಡಿಮೆಯಾಗಿರುತ್ತದೆ. ಹೋದ ಮಗುವಿಗಾಗಿ ಅಳುವುದು ಇನ್ನೂ ಬಾಕಿ ಇದ್ದರೆ ಸಭಾಪಾಲಕರನ್ನೋ ಫಾದರನ್ನೋ ಮನೆಗೆ ಕರೆಸಿ, ಆ ಮಗುವಿಗೆಂದೇ ಒಂದು ಪ್ರಾರ್ಥನೆ ಮಾಡಿಸಿ. ಅಳದೆ ಉಳಿದ ದುಃಖ ಎಷ್ಟೋ ಸಲ ರಾತ್ರಿ ಮೂರಕ್ಕೆ ಭಯವಾಗಿ ಏಳುತ್ತದೆ.

ಈಗ ಆ ಮೂರು ಗಂಟೆಯ ವಿಷಯ. ಮೊಬೈಲ್ ಮಂಚದಿಂದ ದೂರವಿರಲಿ. ಆ ಹೊತ್ತಿನಲ್ಲಿ ಅದರಲ್ಲಿ ಹುಡುಕಿದರೆ ಕೈಗೆ ಸಿಗುವುದೆಲ್ಲ ಕೆಟ್ಟ ಸುದ್ದಿಯೇ. ಎಡ ಮಗ್ಗುಲಿಗೆ ಮಲಗಿ ಕೈಯನ್ನು ಹೊಟ್ಟೆಯ ಮೇಲಿಡಿ. ಮನಸ್ಸಿನಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರು ಎಳೆದುಕೊಳ್ಳುತ್ತ "ಕರ್ತನೇ" ಅನ್ನಿ, ಆರು ಎಣಿಸುವಷ್ಟು ಹೊತ್ತು ನಿಧಾನ ಬಿಡುತ್ತ "ನಿನ್ನನ್ನೇ ನಂಬಿದ್ದೇನೆ" ಅನ್ನಿ. ಹೀಗೆ ಹತ್ತು ಸಲ ಮಾಡಿದರೆ ಎರಡು ನಿಮಿಷವೂ ಆಗುವುದಿಲ್ಲ. ಉಸಿರು ಬಿಡುವ ಹೊತ್ತು ಉದ್ದವಾದಾಗ ಎದೆಬಡಿತ ತಾನಾಗಿ ಇಳಿಯುತ್ತದೆ. ಆದರೆ ಹಲವರು ಜೋರಾಗಿ, ಆಳವಾಗಿ, ಬೇಗ ಬೇಗ ಎಳೆದುಕೊಳ್ಳುತ್ತಾರೆ. ಹಾಗೆ ಮಾಡಿದರೆ ತಲೆ ತಿರುಗಿ, ಬೆರಳು ಜುಮ್ಮೆಂದು, ಭಯ ಇಮ್ಮಡಿಯಾಗುತ್ತದೆ. ಮೆಲ್ಲಗೆ, ಸದ್ದಿಲ್ಲದೆ ಎಳೆದುಕೊಂಡರೆ ಸಾಕು. ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಕುರ್ಚಿಯಲ್ಲಿ ಕೂತು, ಮಂದ ಬೆಳಕಿನಲ್ಲಿ ಒಂದು ಲೋಟ ಬೆಚ್ಚಗಿನ ಹಾಲು ಕುಡಿಯಿರಿ. ಎಲೀಯನು ಸಾಯಬೇಕೆಂದು ಗಿಡದಡಿ ಮಲಗಿದಾಗ ದೇವದೂತ ಅವನಿಗೆ ಉಪದೇಶ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಎರಡನೇ ಸಲವೂ ಊಟವನ್ನೇ ಕೊಟ್ಟ. ದೇವರ ಮಾತು ಬಂದದ್ದು ಆಮೇಲೆ.

ಬಾತ್‌ರೂಮಿಗೆ ಹೋಗಿ ನೋಡುವುದಕ್ಕೆ ಒಂದು ಕಟ್ಟು ಹಾಕಿಕೊಳ್ಳಿ: ಮೂತ್ರಕ್ಕೆ ಹೋದಾಗ ಮಾತ್ರ, ಒಂದೇ ಸಲ. ನೋಡಿದ ಪ್ರತಿ ಸಲವೂ ಐದು ನಿಮಿಷ ಸಮಾಧಾನ ಸಿಗುತ್ತದೆ, ಆ ಸಮಾಧಾನಕ್ಕಾಗಿಯೇ ಮನಸ್ಸು ಮತ್ತೆ ಕಳಿಸುತ್ತದೆ. ಮೊದಲ ಎರಡು ಮೂರು ದಿನ ಚಡಪಡಿಕೆ ಹೆಚ್ಚಾಗುತ್ತದೆ, ಆಮೇಲೆ ಇಳಿಯುತ್ತದೆ.

ಹಗಲಿನಲ್ಲಿ, ಸಂಜೆ ಐದರ ಹೊತ್ತಿಗೆ, ಹದಿನೈದು ನಿಮಿಷ ಚಿಂತೆಗೆಂದೇ ಇಡಿ. ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಭಯ, ಹೆಸರಿಟ್ಟು: "ಮಗು ಬೆಳೆಯುತ್ತಿಲ್ಲವೇನೋ." ಬಲಕ್ಕೆ ನಿಮ್ಮ ಕೈಲಾಗುವ ಕೆಲಸ: "18ರಿಂದ 20 ವಾರದ ಸ್ಕ್ಯಾನ್ ಆಗಿದೆಯೇ ಎಂದು ತಾಯಿ ಕಾರ್ಡ್ ನೋಡುವುದು, ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಬರೆದಿಡುವುದು." ಬಲಗಡೆ ಬರೆಯಲು ಏನೂ ಇಲ್ಲದ ಭಯಗಳನ್ನು ಒಂದೊಂದಾಗಿ ಬಾಯಿಬಿಟ್ಟು ಓದಿ ದೇವರ ಮುಂದಿಡಿ. "ಎಲ್ಲಾ ಒಳ್ಳೆಯದಾಗಲಿ" ಎಂಬ ಪ್ರಾರ್ಥನೆಯಲ್ಲಿ ಭಯ ಅಡಗಿ ಕೂರುತ್ತದೆ, ಹೆಸರಿಟ್ಟು ಕರೆದರೆ ಹೊರಬರುತ್ತದೆ. ಫಿಲಿಪ್ಪಿ 4:6 ಹೇಳುವುದೂ ಇದನ್ನೇ: ಬೇಕಾದದ್ದನ್ನು ದೇವರಿಗೆ ತಿಳಿಸಿ, ಕೃತಜ್ಞತೆಯನ್ನೂ ಸೇರಿಸಿ. ಅಂದಿನ ಒಂದು ನಿಜವಾದ ಒಳಿತು ಸಾಕು, "ಇವತ್ತು ವಾಂತಿಯಾಗಲಿಲ್ಲ" ಎಂಬುದೂ ಕೃತಜ್ಞತೆಯೇ. ಮುಂದಿನ ವಚನದಲ್ಲಿ ಕೇಳಿದ್ದೆಲ್ಲ ಸಿಗುತ್ತದೆಂಬ ಮಾತಿಲ್ಲ; ದೇವಶಾಂತಿ ಹೃದಯವನ್ನೂ ಯೋಚನೆಗಳನ್ನೂ ಕಾಯುತ್ತದೆ ಎಂದಿದೆ. ಅಲ್ಲಿನ ಗ್ರೀಕ್ ಪದ ಸೈನಿಕರು ಊರು ಕಾಯುವುದಕ್ಕೆ ಬಳಸುವ ಪದ. ಫಿಲಿಪ್ಪಿ ನಿವೃತ್ತ ರೋಮನ್ ಸೈನಿಕರು ನೆಲೆಸಿದ್ದ ಊರು, ಪೌಲನು ಬರೆದದ್ದು ಸೆರೆಮನೆಯಿಂದ. ಕಾವಲು ಅಂದರೇನೆಂದು ಬರೆದವನಿಗೂ ಗೊತ್ತಿತ್ತು, ಓದಿದವರಿಗೂ ಗೊತ್ತಿತ್ತು.

"ಭಯಪಡಬೇಡ" ವಾಕ್ಯಗಳು ಈಗ ನಿಮಗೆ ಏಟಿನಂತೆ ಬೀಳುತ್ತಿದ್ದರೆ ಕೆಲವು ದಿನ ಬಿಟ್ಟು 13ನೇ ಕೀರ್ತನೆ ಓದಿ. ಆರೇ ವಚನ. ಮೊದಲ ಎರಡರಲ್ಲೇ ಬರೆದವನು ನಾಲ್ಕು ಸಲ "ಎಷ್ಟರವರೆಗೆ" ಎಂದು ದೇವರನ್ನು ಕೇಳುತ್ತಾನೆ. ನಂಬಿಕೆಯ ಮಾತು ಬರುವುದು ಐದನೆಯದರಲ್ಲಿ.

ಪ್ರಶ್ನೆ: ಹೆಂಡತಿಗೆ ಏಳು ತಿಂಗಳು. ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಪ್ರಾರ್ಥನಾಕೂಟಕ್ಕೆ ಬಂದ ಬೋಧಕರೊಬ್ಬರು "ಗುಣವಾಗಿದೆ, ಮಾತ್ರೆ ಬಿಡು" ಎಂದರು, ಬಿಟ್ಟಿದ್ದಾಳೆ. ಶುಕ್ರವಾರ ಪೂರ್ತಿ ಉಪವಾಸ ಬೇರೆ. ತಡೆದರೆ ದೇವರಿಗೆ ಅಡ್ಡ ಬಂದಂತಾಗುವುದೇ? (ಬೆಂಗಳೂರು)

ಉತ್ತರ: ಆಗುವುದಿಲ್ಲ. ಇವತ್ತೇ ಡಾಕ್ಟರಿಗೆ ತಿಳಿಸಿ ಮಾತ್ರೆ ಮತ್ತೆ ಶುರುಮಾಡಿಸಿ. ಥೈರಾಯ್ಡ್ ಕೊರತೆಗೆ ಚಿಕಿತ್ಸೆ ನಿಂತರೆ ತಾಯಿಗೆ ಬಿ.ಪಿ. ಏರಬಹುದು, ಹೆರಿಗೆ ಅವಧಿಗೆ ಮುಂಚೆ ಆಗಬಹುದು, ಮಗುವಿನ ಮಿದುಳಿನ ಬೆಳವಣಿಗೆಗೂ ಪೆಟ್ಟು. ಯೇಸು ಹತ್ತು ಮಂದಿ ಕುಷ್ಠರೋಗಿಗಳಿಗೆ ಯಾಜಕರ ಬಳಿ ಹೋಗಿ ಮೈ ತೋರಿಸಿಕೊಳ್ಳಿರಿ ಎಂದದ್ದನ್ನು ನೆನಪಿಸಿ. ಕುಷ್ಠ ಗುಣವಾಗಿದೆಯೇ ಎಂದು ಪರೀಕ್ಷಿಸಿ ಹೇಳುವವರು ಆಗ ಯಾಜಕರೇ. ನಿಜವಾದ ಗುಣ ಪರೀಕ್ಷೆಗೆ ಹೆದರುವುದಿಲ್ಲ. ಥೈರಾಯ್ಡ್ ಮಟ್ಟ ತಿಳಿಸುವ ಟಿ.ಎಸ್.ಎಚ್. ರಕ್ತಪರೀಕ್ಷೆ ನೋಡಿ ಪ್ರಮಾಣ ಇಳಿಸುವುದೋ ಬೇಡವೋ ಎಂದು ಡಾಕ್ಟರೇ ಹೇಳುತ್ತಾರೆ. ಥೈರಾಯ್ಡ್ ಮಾತ್ರೆಯನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಅದಕ್ಕಿಂತ ನಾಲ್ಕು ಗಂಟೆ ದೂರವಿರಲಿ, ಒಟ್ಟಿಗೆ ನುಂಗಿದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದಿಲ್ಲ. ಥೈರಾಯ್ಡ್ ಏರುಪೇರಾದರೂ ರಕ್ತ ಕಡಿಮೆಯಾದರೂ ಎದೆ ಡವಡವ ಅನ್ನುತ್ತದೆ, ಅದನ್ನೇ ಭಯವೆಂದು ತಪ್ಪು ತಿಳಿಯುವವರಿದ್ದಾರೆ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ಗರ್ಭಿಣಿಗೆ ಅದು ರಕ್ತಹೀನತೆ.

ಉಪವಾಸದ ಬಗ್ಗೆ: ತಪಸ್ಸುಕಾಲದಲ್ಲೂ ಕಥೋಲಿಕ ಸಭೆ ಗರ್ಭಿಣಿಯರಿಗೆ ಉಪವಾಸದಿಂದ ವಿನಾಯಿತಿ ಕೊಡುತ್ತದೆ. ಶುಕ್ರವಾರ ಊಟದ ಬದಲು ಟಿ.ವಿ., ಮೊಬೈಲ್ ಬಿಡಲಿ.

ವೈದ್ಯಕೀಯ ಬೇರೆ, ದೇವರ ಕೆಲಸ ಬೇರೆ ಅನ್ನುವವರು ವೆಲ್ಲೂರಿನ ಕ್ರೈಸ್ತ ಆಸ್ಪತ್ರೆಯ ಹುಟ್ಟನ್ನು ನೆನೆಯಬೇಕು. ತಿಂಡಿವನಂನಲ್ಲಿ ಒಂದೇ ರಾತ್ರಿ ಮೂವರು ಗಂಡಂದಿರು ಹೆರಿಗೆನೋವಿನಲ್ಲಿದ್ದ ಹೆಂಡಂದಿರಿಗಾಗಿ ಐಡಾ ಸ್ಕಡರ್ ಎಂಬ ಮಿಷನರಿ ಮಗಳ ಬಳಿ ಬಂದರು. ಆಕೆ ಡಾಕ್ಟರಲ್ಲ, ಡಾಕ್ಟರಾಗಿದ್ದ ತಂದೆಯನ್ನು, ಗಂಡಸೆಂಬ ಕಾರಣಕ್ಕೆ, ಅವರು ಒಳಗೆ ಬಿಡಲಿಲ್ಲ. ಮೂವರೂ ತಾಯಂದಿರು ತೀರಿಕೊಂಡರು. ಅದನ್ನು ದೇವರ ಕರೆಯೆಂದು ತಿಳಿದು ಆಕೆ ವೈದ್ಯಕೀಯ ಓದಿ ಬಂದು 1900ರಲ್ಲಿ ವೆಲ್ಲೂರಿನಲ್ಲಿ ಕೆಲಸ ಆರಂಭಿಸಿದರು.

ಪ್ರಶ್ನೆ: ಆರು ತಿಂಗಳ ಗರ್ಭಿಣಿ ನಾನು. ಗ್ರಹಣದ ದಿನ ಮರೆತು ತರಕಾರಿ ಹೆಚ್ಚಿದೆ. ಮಗುವಿಗೆ ತುಟಿ ಸೀಳುತ್ತದೆಂದು ಅಕ್ಕಪಕ್ಕದವರು ಹೆದರಿಸುತ್ತಿದ್ದಾರೆ. ನಂಬುವುದಿಲ್ಲ, ಆದರೂ ಭಯ. (ಕೋಲಾರ)

ಉತ್ತರ: ಮಗುವಿನ ತುಟಿ ಕೂಡಿಕೊಳ್ಳುವುದು ಗರ್ಭದ ನಾಲ್ಕರಿಂದ ಏಳನೇ ವಾರದೊಳಗೆ. ಆರನೇ ತಿಂಗಳಲ್ಲಿ ನೀವು ಹೆಚ್ಚಿದ ಬೀನ್ಸಿಗೂ ಅದಕ್ಕೂ ಸಂಬಂಧವೇ ಇಲ್ಲ. ಹಗಲು ಸೂರ್ಯನೂ ಇರುಳು ಚಂದ್ರನೂ ನಿನ್ನನ್ನು ಬಾಧಿಸುವುದಿಲ್ಲ ಎಂಬ ಅರ್ಥದ ಮಾತು 121ನೇ ಕೀರ್ತನೆಯಲ್ಲಿದೆ, ಈ ಭಯಕ್ಕೆ ಇದಕ್ಕಿಂತ ಹತ್ತಿರದ ವಾಕ್ಯವಿಲ್ಲ. ನೆರೆಯವರು ಪ್ರೀತಿಯಿಂದಲೇ ಹೇಳಿರುತ್ತಾರೆ, ಜಗಳ ಬೇಡ.

ಪ್ರಶ್ನೆ: ದಿನ ತುಂಬುತ್ತಾ ಬಂದಿದೆ. ಹೆರಿಗೆನೋವು ನೆನೆದರೆ ಕೈಕಾಲು ತಣ್ಣಗಾಗುತ್ತದೆ. ಬೆನ್ನಿಗೆ ಇಂಜೆಕ್ಷನ್ ಕೊಡಿಸಿಕೊಳ್ಳೋಣವೆಂದರೆ, ನೋವು ಹವ್ವಳಿಗೆ ದೇವರು ಕೊಟ್ಟದ್ದು, ತಪ್ಪಿಸಿಕೊಳ್ಳಬಾರದು ಎನ್ನುತ್ತಾರೆ ಅತ್ತೆ. (ಉಡುಪಿ)

ಉತ್ತರ: ಈ ವಾದ ಹಳೆಯದು. 1847ರಲ್ಲಿ ಎಡಿನ್‌ಬರೋದ ಡಾಕ್ಟರ್ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಗೆ ಕ್ಲೋರೋಫಾರ್ಮ್ ಕೊಟ್ಟಾಗಲೂ ಇದೇ ಆಕ್ಷೇಪ ಬಂತು. ಅವರು ಸತ್ಯವೇದದಿಂದಲೇ ಉತ್ತರ ಕೊಟ್ಟರು: ಆದಾಮನ ಪಕ್ಕೆಲುಬು ತೆಗೆಯುವ ಮುನ್ನ ದೇವರೇ ಅವನಿಗೆ ಗಾಢನಿದ್ರೆ ಬರಿಸಿದನಲ್ಲವೇ? ಅತ್ತೆಯವರಿಗೆ ಆದಿಕಾಂಡ 2:21 ಓದಿಸಿ. ಇಂಜೆಕ್ಷನ್ ನಿಮಗೆ ಸರಿಹೊಂದುತ್ತದೆಯೇ ಎಂಬುದನ್ನು ನೋವು ಶುರುವಾಗುವ ಮೊದಲೇ ಡಾಕ್ಟರ ಬಳಿ ಮಾತಾಡಿಕೊಳ್ಳಿ.

ನೋವು ಒಂದೇ ಸಮನೆ ಇರುವುದಿಲ್ಲ. ಏರುತ್ತದೆ, ಸುಮಾರು ಒಂದು ನಿಮಿಷದಲ್ಲಿ ಇಳಿಯುತ್ತದೆ, ನಡುವೆ ಬಿಡುವು ಕೊಡುತ್ತದೆ. ಬಹಳ ಮಂದಿ ಬಿಡುವಿನಲ್ಲೂ ಮುಂದಿನ ನೋವಿಗೆ ಹೆದರಿ ಮೈ ಬಿಗಿಹಿಡಿದು ಬೇಗ ಸುಸ್ತಾಗುತ್ತಾರೆ. ನೋವು ಏರುವಾಗ ಮೇಲೆ ಹೇಳಿದ ಉಸಿರಿನ ಪ್ರಾರ್ಥನೆ, ಆರೇಳು ಉಸಿರಿಗೆ ಒಂದು ನೋವು ಮುಗಿಯುತ್ತದೆ. ಬಿಡುವಿನಲ್ಲಿ ಭುಜ, ದವಡೆ ಸಡಿಲಬಿಡಿ, ಜೊತೆಗಿರುವವರು 23ನೇ ಕೀರ್ತನೆಯ ಒಂದೊಂದೇ ವಚನ ಮೆಲ್ಲಗೆ ಓದಲಿ. ಹೆರಿಗೆ ಕೋಣೆಗೆ ಜೊತೆಗಾರ್ತಿಯನ್ನು ಬಿಡುತ್ತಾರೆಯೇ ಎಂದು ಮೊದಲೇ ವಿಚಾರಿಸಿ. ಐದು ನಿಮಿಷಕ್ಕೊಂದರಂತೆ, ಪ್ರತಿಯೊಂದೂ ಒಂದು ನಿಮಿಷದಷ್ಟು, ಹೀಗೆ ಒಂದು ಗಂಟೆ ನೋವು ಬಂದರೆ ಹೊರಡಿ. ಆಸ್ಪತ್ರೆ ದೂರವಿದ್ದರೆ ಅಷ್ಟು ಕಾಯಬೇಡಿ. ನೀರು ಒಡೆದರೆ, ರಕ್ತ ಹೋದರೆ, ಮಗುವಿನ ಅಲುಗಾಟ ಕಡಿಮೆಯಾದರೆ, ತೀವ್ರ ತಲೆನೋವಿನೊಡನೆ ಕಣ್ಣು ಮಂಜಾದರೆ ಆಗಲೇ 108ಕ್ಕೆ ಕರೆಮಾಡಿ. ಪ್ರಾರ್ಥನೆ ಆಂಬುಲೆನ್ಸಿನಲ್ಲಿ ಮಾಡಬಹುದು.

ಪ್ರಶ್ನೆ: ಮಗಳು ತವರಿಗೆ ಬಂದು ಒಂದು ತಿಂಗಳು. ಊಟ ಸೇರದು, ಯಾರೊಡನೆಯೂ ಮಾತಿಲ್ಲ, ಜಪಮಾಲೆಯನ್ನೂ ಮುಟ್ಟುತ್ತಿಲ್ಲ. ನಿನ್ನೆ "ನಾನು ಇಲ್ಲದಿದ್ದರೇ ಮಗುವಿಗೆ ಒಳ್ಳೆಯದು" ಅಂದಳು. ಇನ್ನೂ ಹೆಚ್ಚು ಪ್ರಾರ್ಥಿಸಬೇಕೇ? (ಮೈಸೂರು)

ಉತ್ತರ: ಅಮ್ಮಾ, ಆ ಮಾತು ಕೇಳಿದ ಮೇಲೆ ಕಾಯುವುದು ಬೇಡ. ಎರಡು ವಾರಕ್ಕಿಂತ ಹೆಚ್ಚು ಹೀಗೇ ಇದ್ದರೆ ಅದು ಚಿಕಿತ್ಸೆ ಬೇಕಾದ ಕಾಯಿಲೆ, ಪಾಪವೂ ಅಲ್ಲ, ದೆವ್ವವೂ ಅಲ್ಲ. ಸಾಯುವ ಮಾತು ಬಂದರಂತೂ ಎರಡು ವಾರದ ಲೆಕ್ಕವೂ ಬೇಡ, ಅದೇ ದಿನ ಹೋಗಬೇಕು. ಗರ್ಭಿಣಿಯರಿಗೆ ಕೊಡಬಹುದಾದ ಔಷಧಿಗಳಿವೆ. ಮೊದಲಿಂದ ಮನಸ್ಸಿನ ತೊಂದರೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದು ಗರ್ಭ ನಿಂತಿತೆಂದು ತಾನೇ ಬಿಟ್ಟಿದ್ದಾಳೆಯೇ ಎಂದು ಕೇಳಿ, ಬಿಟ್ಟಿದ್ದರೆ ಡಾಕ್ಟರಿಗೆ ಮರೆಯದೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಅವಳನ್ನು ಒಂಟಿಯಾಗಿ ಮಲಗಿಸಬೇಡಿ, ಮಾತ್ರೆಗಳನ್ನು ನಿಮ್ಮ ಬೀರುವಿನಲ್ಲಿಡಿ. ಜಪಮಾಲೆ ಹಿಡಿ ಎಂದು ಒತ್ತಾಯ ಬೇಡ. ಅವಳ ಪಾಲಿನದ್ದನ್ನೂ ಈಗ ನೀವೇ ಹೇಳಿ, ಪಕ್ಕದಲ್ಲಿ ಕೂತು, ಅವಳ ಕೈ ಹಿಡಿದು. ಆಸ್ಪತ್ರೆಗೆ ಇವತ್ತೇ ನೀವೇ ಜೊತೆಗೆ ಹೋಗಿ. ಡಾಕ್ಟರ ಮುಂದೆ ಅವಳು ಆ ಮಾತನ್ನು ಹೇಳಲಾರದೆ ಹೋದರೆ, ನಿನ್ನೆ ಅವಳು ಅಂದದ್ದನ್ನು ಅಂದ ಹಾಗೆಯೇ ನೀವು ಹೇಳಿ.