ಪ್ರತಿಕ್ರಿಯೆ: ಆಟೋಕ್ಯಾಡ್‌ನಲ್ಲಿ ಪರ್ಜ್ ಮಾಡಿದರೂ ಹೋಗದ ಲೇಯರ್

ಆಟೋಕ್ಯಾಡ್ ನಕ್ಷೆಯ ಲೇಯರ್ (ಗೆರೆ, ಅಕ್ಷರಗಳನ್ನು ಗುಂಪಾಗಿಡುವ ಪದರ) ಖಾಲಿ ಕಾಣುತ್ತಿದ್ದರೂ ಪರ್ಜ್‌ನಲ್ಲಿ (ಬಳಕೆಯಲ್ಲಿಲ್ಲದ್ದನ್ನು ತೆಗೆಯುವ ಕಮಾಂಡ್) ಹೋಗುತ್ತಿಲ್ಲ ಅಂದರೆ, ಅದರ ಒಂದು ಗೆರೆಯೋ ಅಕ್ಷರವೋ ಯಾವುದೋ ಬ್ಲಾಕ್‌ನ (ಒಂದೇ ವಸ್ತುವಾಗಿ ಕಟ್ಟಿಟ್ಟ ಚಿತ್ರದ ತುಣುಕು) ಒಳಗೆ ಕೂತಿರುವ ಸಾಧ್ಯತೆಯೇ ಜಾಸ್ತಿ. ನನಗೂ ಹೀಗೇ ಆಗಿತ್ತು. ಬಾಗಿಲಿನ ಬ್ಲಾಕ್ ಒಂದರೊಳಗೆ ಬೆರಳಗಲದ ಒಂದು ಗೆರೆ, ಅಷ್ಟೇ. ಅದನ್ನು ಹುಡುಕುವುದರಲ್ಲೇ ಅರ್ಧ ದಿನ ಹೋಯಿತು.

ಮೊದಲು ಹೆಸರು ನೋಡಿ. 0 ಲೇಯರ್ ಅಳಿಯುವುದೇ ಇಲ್ಲ. ಡೆಫ್‌ಪಾಯಿಂಟ್ಸ್ (ಅಳತೆ ಗುರುತು ಹಾಕಿದಾಗ ತಾನಾಗಿ ಹುಟ್ಟುವ ಲೇಯರ್) ಹೇಗೂ ಪ್ರಿಂಟ್‌ನಲ್ಲಿ ಬರಲ್ಲ, ಸುಮ್ನೆ ಬಿಡಿ. ಹೆಸರಿನ ನಡುವೆ ಉದ್ದ ಗೆರೆ (|) ಇದ್ದರೆ ಅದು ಎಕ್ಸ್‌ರೆಫ್‌ನಿಂದ (ಹೊರಗಿನಿಂದ ಜೋಡಿಸಿದ ಇನ್ನೊಂದು ನಕ್ಷೆ ಫೈಲ್) ಬಂದದ್ದು, ಆ ಎಕ್ಸ್‌ರೆಫ್ ಡಿಟ್ಯಾಚ್ ಮಾಡಿದರೆ ಲೇಯರೂ ಹೋಗುತ್ತದೆ.

ಇದ್ಯಾವುದೂ ಅಲ್ವಾ? ಹಾಗಾದರೆ ಫೈಲ್‌ನ ಒಂದು ಕಾಪಿ ಇಟ್ಟುಕೊಂಡು, 0 ಲೇಯರ್ ಅನ್ನು ಕರೆಂಟ್ ಮಾಡಿ, ಎಲ್ಲ ಲೇಯರ್ ಆನ್ ಮಾಡಿ, ಥಾ ಮಾಡಿ (ಅಂದರೆ ಫ್ರೀಜ್ ತೆಗೆದು), ಅನ್‌ಲಾಕ್ ಮಾಡಿ. ಲೇಔಟ್ ಟ್ಯಾಬ್‌ಗಳನ್ನೂ (ಪ್ರಿಂಟ್‌ಗೆ ಜೋಡಿಸುವ ಹಾಳೆಗಳು) ತೆರೆದು ನೋಡಿ, ಎಷ್ಟೋ ಸಲ ಹಳೆಯ ವ್ಯೂಪೋರ್ಟ್ (ಹಾಳೆಯಲ್ಲಿ ನಕ್ಷೆ ತೋರಿಸುವ ಕಿಟಕಿ) ಅಲ್ಲೇ ಅಡಗಿರುತ್ತದೆ. ಆಮೇಲೆ ಪರ್ಜ್‌ನಲ್ಲಿ ನೆಸ್ಟೆಡ್ ಐಟಮ್ಸ್‌ಗೆ ಟಿಕ್ ಹಾಕಿ ಪರ್ಜ್ ಆಲ್ ಒತ್ತಿ.

ಆಗಲೂ ಜಗ್ಗದಿದ್ದರೆ ಲೇಡೆಲ್ (LAYDEL) ಕಮಾಂಡ್ ಕೊಟ್ಟು, ನೇಮ್ ಆಯ್ಕೆ ಮಾಡಿ, ಪಟ್ಟಿಯಿಂದ ಲೇಯರ್ ಆರಿಸಿ. ಇದು ಬ್ಲಾಕ್‌ಗಳ ಒಳಗೂ ಕೈಹಾಕಿ ಆ ಲೇಯರ್‌ನ ಎಲ್ಲವನ್ನೂ ಅಳಿಸುತ್ತದೆ, ಕಾಪಿ ಇಡಿ ಅಂದದ್ದು ಅದಕ್ಕೇ. ಗೆರೆಗಳು ಉಳಿಯಬೇಕು, ಲೇಯರ್ ಮಾತ್ರ ಹೋಗಬೇಕು ಅಂದರೆ ಲೇಡೆಲ್ ಬೇಡ, ಲೇಮರ್ಜ್ (LAYMRG) ಬಳಸಿ ಬೇರೆ ಲೇಯರ್‌ಗೆ ಸೇರಿಸಿ.

ಇದೂ ಕೆಲಸ ಮಾಡದಿದ್ದರೆ ಫೈಲೇ ಕೆಟ್ಟಿರಬಹುದು, ನೋಡದೆ ಖಚಿತವಾಗಿ ಹೇಳಲಾರೆ. ಆಡಿಟ್ ಓಡಿಸಿ, ತಪ್ಪು ಸರಿಪಡಿಸಲಾ ಅಂತ ಕೇಳಿದಾಗ ಯೆಸ್ ಕೊಟ್ಟು, ಮತ್ತೆ ಪರ್ಜ್ ಮಾಡಿ.